ಪರದೇಶದ ನೆಂಟರ ಮನೆಯಲ್ಲಿ ಅಡಗಿದ ರೌಡಿಗಳು: ಅಪರಾಧ ಹಾಸ್ಯದ ಕ್ಲೈಮ್ಯಾಕ್ಸ್ ಬರೆಯುವ ಬಗೆ

ಊರಿನಲ್ಲಿ ಒಂದು ಕೆಲಸ ಕೆಟ್ಟು, ಇಬ್ಬರು ರೌಡಿಗಳು ರಾತ್ರೋರಾತ್ರಿ ವಿಮಾನ ಹತ್ತಿ, ಪರದೇಶದಲ್ಲಿರುವ ಚಿಕ್ಕಮ್ಮನ ಮನೆಯ ಬಾಗಿಲು ತಟ್ಟುತ್ತಾರೆ. ಈ ಒಂದು ಸಾಲಿನ ಕಥೆಗೆ ಮೊದಲರ್ಧ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಮಚ್ಚು ಹಿಡಿದು ಅಭ್ಯಾಸವಾದ ಕೈಗೆ ಚಿಕ್ಕಮ್ಮ ಈಳಿಗೆಮಣೆ ಕೊಟ್ಟು ತೊಂಡೆಕಾಯಿ ಹೆಚ್ಚಲು ಕೂರಿಸಿದರೆ ನಗು ತಾನಾಗಿ ಬರುತ್ತದೆ. ಕೈ ಕಟ್ಟಿಹೋಗುವುದು ಇಂಟರ್ವಲ್ ಆದ ಮೇಲೆ. ಬಹುಪಾಲು ಚಿತ್ರಕಥೆಗಳು ಅಲ್ಲಿ ಹೆದರಿ, ಊರಿನಿಂದ ಶತ್ರುವನ್ನು ಕರೆಸಿ, ಯಾವುದೋ ಗೋದಾಮಿನಲ್ಲಿ ಗುಂಡು ಹಾರಿಸಿ, ಪೊಲೀಸ್ ಸೈರನ್ ಕೇಳಿಸಿ ಮುಗಿಸಿಬಿಡುತ್ತವೆ. ಹವ್ಯಾಸಿ ತಂಡವೊಂದಕ್ಕೆ ಬರೆದುಕೊಟ್ಟ ಮೊದಲ ನಾಟಕದಲ್ಲಿ ನಾನೂ ಇದನ್ನೇ ಮಾಡಿದ್ದೆ. ಒಂದೂವರೆ ಗಂಟೆ ನಕ್ಕ ಸಭೆ, ಆಟಿಕೆ ಪಿಸ್ತೂಲು ಹೊರಗೆ ಬಂದ ಕೂಡಲೇ ಮೌನವಾಗಿ, ಉಳಿದ ಹತ್ತು ನಿಮಿಷವನ್ನು ಮರ್ಯಾದೆಗಾಗಿ ಕುಳಿತು ಕಳೆಯಿತು. ಪಿಸ್ತೂಲು ಬಂದದ್ದರಿಂದ ನಗು ನಿಲ್ಲಲಿಲ್ಲ. ಪಿಸ್ತೂಲಿನೊಡನೆ ನಾನು ಚಿಕ್ಕಮ್ಮನ ಮನೆಯನ್ನು ಬಿಟ್ಟು ಹೊರಗೆ ಹೋಗಿದ್ದೆ, ಆದುದರಿಂದ ನಿಂತಿತು. ಇಂತಹ ಕಥೆಯ ಕೊನೆಯನ್ನು ಬಂದೂಕಿನಿಂದ ಕಿತ್ತು, ಆಶ್ರಯ ಕೊಟ್ಟ ಮನೆಯ ಕೈಗೆ ಒಪ್ಪಿಸುವುದು ಹೇಗೆ ಎಂಬುದನ್ನು ಇಲ್ಲಿ ಕೆಲಸದ ಕ್ರಮದಲ್ಲಿ ವಿವರಿಸುತ್ತೇನೆ.

ಮನೆಯ ಸಾಮಾನು ಎಣಿಸುವುದು

ಕ್ಲೈಮ್ಯಾಕ್ಸ್ ಬರೆಯಲು ಕೂರುವ ಮೊದಲು, ಅಲ್ಲಿಯವರೆಗೆ ಬರೆದ ದೃಶ್ಯಗಳನ್ನು ಮುಂದಿಟ್ಟುಕೊಂಡು, ಆ ಮನೆಯಲ್ಲಿ ಏನೇನಿದೆ, ಯಾವ ಯಾವ ನಿಯಮಗಳಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನೀವು ನಗಿಸುವುದಕ್ಕೆಂದು ತಂದ ವಸ್ತುಗಳೇ ಕೊನೆಯಲ್ಲಿ ಕೆಲಸ ಮಾಡಬೇಕು. ಕೊನೆಗೆಂದು ಹೊಸದಾಗಿ ತಂದ ವಸ್ತು ಎಷ್ಟೇ ಚೆನ್ನಾಗಿದ್ದರೂ ಸಾಲ ತಂದ ಒಡವೆಯಂತೆ ಕಾಣುತ್ತದೆ.

ಉದಾಹರಣೆಗೆ ನಮ್ಮ ಕಥೆಯನ್ನು ದುಬೈಯ ಕರಾಮಾದಲ್ಲಿ, ಎರಡು ಕೋಣೆಯ ಒಂದು ಫ್ಲಾಟಿನಲ್ಲಿ ಇಡೋಣ. ಚಿಕ್ಕಮ್ಮನ ಮನೆಯ ಗೋಡೆ ಗಡಿಯಾರ ಭಾರತದ ಸಮಯವನ್ನು ತೋರಿಸುತ್ತದೆ. ತವರಿಗೆ ಫೋನ್ ಮಾಡುವುದಕ್ಕೂ ಕನ್ನಡ ಧಾರಾವಾಹಿಗೂ ಅದು ಬೇಕು; ಗಲ್ಫಿನ ಎಷ್ಟೋ ಮನೆಗಳಲ್ಲಿ ಇಂತಹ ಗಡಿಯಾರ ಇರುತ್ತದೆ. ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಮೊದಲರ್ಧದಲ್ಲಿ ಇದು ಬರೀ ತಮಾಷೆ: ಹೊಸದಾಗಿ ಬಂದ ಅಣ್ಣ (ಇಬ್ಬರು ರೌಡಿಗಳಲ್ಲಿ ಮುಖ್ಯನನ್ನು ಹೀಗೆ ಕರೆಯೋಣ) ಆ ಗಡಿಯಾರವನ್ನು ನಂಬಿ, ರಾತ್ರಿ ಎಂಟೂವರೆಗೆ ಕರೆದಿದ್ದ ಊಟಕ್ಕೆ ಏಳು ಗಂಟೆಗೇ ಹೋಗಿ, ಅತಿಥೇಯರು ಇನ್ನೂ ಸ್ನಾನದಲ್ಲಿರುವಾಗ ಸೋಫಾದಲ್ಲಿ ಕುಳಿತಿರುತ್ತಾನೆ. ನಂತರ ಒಂದು ರಾತ್ರಿ ಊರಿಗೆ ಫೋನ್ ಮಾಡಿ, ತಾನು ಗೋವಾದಲ್ಲಿದ್ದೇನೆಂದು ಸುಳ್ಳು ಹೇಳುತ್ತ, ಆ ಕಡೆಯವನು ಹೊತ್ತಾಯಿತು ಮಲಗು ಎಂದಾಗ, ಅಭ್ಯಾಸಬಲದಿಂದ ಕೈಗಡಿಯಾರ ನೋಡಿ, ‘ಇನ್ನೂ ಒಂಬತ್ತೂವರೆ ಕಣೋ’ ಎಂದುಬಿಡುತ್ತಾನೆ. ಊರಿನಲ್ಲಿ ಆಗ ಹನ್ನೊಂದು. ಆ ಕಡೆಯವನ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ಎದುರಾಳಿಗೆ, ಅಂದರೆ ತಾನು ಮಾಡಿದ ಕೊಲೆಯನ್ನು ಅಣ್ಣನ ತಲೆಗೆ ಕಟ್ಟಿದವನಿಗೆ, ಒಂದೂವರೆ ಗಂಟೆಯ ಆ ವ್ಯತ್ಯಾಸ ಸಾಕು, ಮರುದಿನವೇ ಟಿಕೆಟ್ ತೆಗೆಸುತ್ತಾನೆ. ಗೋಡೆ ನೋಡಿದ್ದರೆ ಅಣ್ಣ ಉಳಿಯುತ್ತಿದ್ದ, ಕೈ ನೋಡಿ ಸಿಕ್ಕಿಬಿದ್ದ ಎಂಬುದು ಪ್ರೇಕ್ಷಕನ ನೆನಪಿನಲ್ಲಿ ಉಳಿದರೆ, ಅದೇ ಗೋಡೆಯನ್ನು ಕೊನೆಯಲ್ಲಿ ಮತ್ತೊಮ್ಮೆ ಬಳಸುವ ಹಕ್ಕು ನಿಮಗೆ ಬರುತ್ತದೆ.

ಹಾಳೆಯಲ್ಲಿ ಬರೆಯಬೇಕಾದ ಇನ್ನೊಂದು ಬಾಬ್ತು ಮನೆಯವರ ಕಾರ್ಯಕ್ರಮ. ನಮ್ಮ ಚಿಕ್ಕಪ್ಪ ಅಲ್ಲಿನ ಕನ್ನಡಿಗರ ಕೂಟದಲ್ಲಿ ರಾಜ್ಯೋತ್ಸವದ ನಾಟಕ ಆಡಿಸುವವರು. ಹೊರದೇಶಗಳಲ್ಲಿ ನವೆಂಬರ್ 1 ಕೆಲಸದ ದಿನವಾಗಿ ಬಂದರೆ ಹಬ್ಬವನ್ನು ಅನುಕೂಲದ ವಾರಾಂತ್ಯಕ್ಕೆ ದೂಡುವುದು ವಾಡಿಕೆ, ಆದ್ದರಿಂದ ತಾಲೀಮಿಗೆ ದಿನಗಳು ಸಿಗುತ್ತವೆ. ನಾಟಕದಲ್ಲಿ ಮೂವರು ಪೊಲೀಸರಿದ್ದಾರೆ, ಜನ ಸಾಲದು, ಅಡಗಿ ಬಂದಿರುವ ಅಣ್ಣನಿಗೇ ಇನ್ಸ್‌ಪೆಕ್ಟರ್ ಪಾತ್ರ ಬೀಳುತ್ತದೆ. (ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬುದನ್ನೂ ನೋಡಿಕೊಳ್ಳಿ. 2022ರ ಜನವರಿಯಿಂದ ದುಬೈಯ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬದಲಾಗಿ, ಶುಕ್ರವಾರ ಅರ್ಧ ದಿನದ ಕೆಲಸ ಬಂದಿದೆ. ಶುಕ್ರವಾರ ಬೆಳಗ್ಗೆಯೇ ಇಡೀ ಕುಟುಂಬವನ್ನು ಸಮುದ್ರತೀರಕ್ಕೆ ಕಳುಹಿಸುವ ಚಿತ್ರಕಥೆಗಳನ್ನು ಈಗಲೂ ಓದುತ್ತಿದ್ದೇನೆ.)

ಶತ್ರುವಿಗೆ ಒಂದು ನೇಮ ಕೊಡುವುದು

ಅಪರಾಧ ಹಾಸ್ಯದಲ್ಲಿ ಕೆಟ್ಟವನು ಬರೀ ಕೆಟ್ಟವನಾಗಿದ್ದರೆ ಅವನನ್ನು ಕೊಲ್ಲುವುದೊಂದೇ ದಾರಿ, ಕೊಂದರೆ ನಗು ಸಾಯುತ್ತದೆ. ಅವನು ಪ್ರಾಮಾಣಿಕವಾಗಿ ನಂಬಿರುವ, ಮೆಚ್ಚಬಹುದಾದ ಒಂದು ನೇಮವನ್ನು ಮೊದಲೇ ಕೊಟ್ಟಿಟ್ಟರೆ, ಕೊನೆಯಲ್ಲಿ ಅವನ ನೇಮವೇ ಅವನ ಕಾಲಿಗೆ ಹಗ್ಗವಾಗುತ್ತದೆ.

ಇದನ್ನು ಅತ್ಯಂತ ಬಿಗಿಯಾಗಿ ಕಟ್ಟಿದ ಮುಕ್ತಾಯ ಮಾರ್ಟಿನ್ ಮೆಕ್‌ಡೊನಾ ಬರೆದು ನಿರ್ದೇಶಿಸಿದ, 2008ರಲ್ಲಿ ತೆರೆಕಂಡ ‘ಇನ್ ಬ್ರೂಜ್’ ಚಿತ್ರದ್ದು. ಅಲ್ಲಿ ಅಡಗುದಾಣ ನೆಂಟರ ಮನೆಯಲ್ಲ, ಬೆಲ್ಜಿಯಂನ ಬ್ರೂಜ್ ಪಟ್ಟಣದ ಒಂದು ಸಣ್ಣ ಹೋಟೆಲು. ಆದರೂ ಹೋಟೆಲಿನ ಯಜಮಾನಿ ಮಾರಿ ಕ್ಲೈಮ್ಯಾಕ್ಸಿನಲ್ಲಿ ಮಾಡುವ ಕೆಲಸ ಯಾವ ಚಿಕ್ಕಮ್ಮನ ಕೆಲಸಕ್ಕೂ ಕಡಿಮೆಯಿಲ್ಲ. ರೇ ಎಂಬ ಯುವ ಹಂತಕ ಪಾದ್ರಿಯೊಬ್ಬನನ್ನು ಕೊಲ್ಲುವಾಗ ಗುಂಡು ತಗುಲಿ ಒಬ್ಬ ಬಾಲಕನೂ ಸತ್ತಿದ್ದಾನೆ. ಹಂತಕರ ಯಜಮಾನ ಹ್ಯಾರಿಯ ನೇಮವೆಂದರೆ, ಮಗುವನ್ನು ಕೊಂದವನು ಬದುಕಬಾರದು. ತಾನೇ ಅಂಥದ್ದು ಮಾಡಿದ್ದರೆ ನಿಂತಲ್ಲೇ ಪ್ರಾಣ ಬಿಡುತ್ತಿದ್ದೆ ಎಂದು ಅವನು ಹಿರಿಯ ಹಂತಕ ಕೆನ್‌ನ ಮುಂದೆ ಹೇಳಿರುತ್ತಾನೆ. ಕೊನೆಯಲ್ಲಿ ಅವನು ರೇಯತ್ತ ಹಾರಿಸಿದ ಗುಂಡು, ಶಾಲಾ ಬಾಲಕನ ವೇಷದಲ್ಲಿ ಚಿತ್ರೀಕರಣಕ್ಕೆ ನಿಂತಿದ್ದ ಒಬ್ಬ ಕುಬ್ಜ ನಟನಿಗೆ ತಗುಲುತ್ತದೆ. ಬಿದ್ದವನು ಮಗುವೆಂದೇ ಹ್ಯಾರಿ ನಂಬುತ್ತಾನೆ. ರೇ ತಡೆದು ಹೇಳಲು ಹೊರಟರೂ ಕೇಳದೆ, ಆಡಿದ ಮಾತಿನಂತೆ ಬಂದೂಕನ್ನು ತನ್ನತ್ತಲೇ ತಿರುಗಿಸಿಕೊಳ್ಳುತ್ತಾನೆ.

ಈ ಒಂದು ಕ್ಷಣಕ್ಕೆ ಚಿತ್ರ ಎಷ್ಟು ಮುಂಚಿನಿಂದ ಬಿತ್ತಿದೆ ಎಂಬುದನ್ನು ಬರೆಯುವವರು ಕಾಗದ ಪೆನ್ನು ಹಿಡಿದು ನೋಡಬೇಕು. ರೇ ಊರು ಬಿಟ್ಟು ರೈಲಿನಲ್ಲಿ ಹೊರಟಾಗ ಅವನನ್ನು ವಾಪಸು ಕರೆತರುವುದು ಕೊಲೆಯ ಪ್ರಕರಣವಲ್ಲ, ಹೋಟೆಲೊಂದರಲ್ಲಿ ಕೆನಡಾದವನೊಬ್ಬನಿಗೆ ಹೊಡೆದ ಚಿಲ್ಲರೆ ಜಗಳ. ನಟ ಆ ವೇಷದಲ್ಲಿರುವುದನ್ನು ನಾವು ಮೊದಲೇ ನೋಡಿರುತ್ತೇವೆ. ಪಟ್ಟಣದ ಗಂಟೆ ಗೋಪುರ 83 ಮೀಟರ್ ಎತ್ತರದ್ದು, 366 ಮೆಟ್ಟಿಲುಗಳದ್ದು. ಚಿತ್ರದ ಆರಂಭದಲ್ಲಿ ಐದು ಯೂರೋ ಪ್ರವೇಶಕ್ಕೆ ಹತ್ತು ಸೆಂಟ್ ಕಡಿಮೆ ಬಿದ್ದಿತೆಂದು ಟಿಕೆಟ್ ಕೊಡುವವನು ಕೆನ್‌ನೊಡನೆ ಹಟ ಮಾಡುತ್ತಾನೆ. ಆಗ ಅದು ಪ್ರವಾಸಿಯೊಬ್ಬನ ಗೊಣಗಾಟದಂತೆ ಕಾಣುತ್ತದೆ. ಕೊನೆಯಲ್ಲಿ ಕೆನ್ ರೇಯನ್ನು ಎಚ್ಚರಿಸಲು ಅದೇ ಗೋಪುರದಿಂದ ಹಾರುವ ಮುನ್ನ, ಕೆಳಗಿನ ಜನ ಪಕ್ಕಕ್ಕೆ ಸರಿಯಲೆಂದು ಜೇಬಿನ ಚಿಲ್ಲರೆಯನ್ನು ಚೆಲ್ಲುತ್ತಾನೆ. ಇನ್ನು ಮಾರಿಯ ಪಾಲು: ತುಂಬು ಗರ್ಭಿಣಿಯಾದ ಆಕೆ ಮೆಟ್ಟಿಲಿನಲ್ಲಿ ನಿಂತು ಬಂದೂಕು ಹಿಡಿದವನಿಗೆ ದಾರಿ ಬಿಡುವುದಿಲ್ಲ, ಆಗ ರೇ, ಹ್ಯಾರಿ ಇಬ್ಬರೂ ಆಕೆಗೆ ಅಪಾಯವಾಗಬಾರದೆಂದು, ಒಬ್ಬ ಕಿಟಕಿಯಿಂದ ಕಾಲುವೆಗೆ ಹಾರುವುದು, ಇನ್ನೊಬ್ಬ ಸುತ್ತು ಹಾಕಿ ಬರುವುದು ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಕೊಲ್ಲುವವನೂ ಸಾಯುವವನೂ ಮನೆಯೊಡತಿಯ ಮರ್ಯಾದೆಗೆ ಕಟ್ಟುಬಿದ್ದು ಚೌಕಾಸಿ ನಡೆಸುವ ಆ ಅರ್ಧ ನಿಮಿಷವೇ ಈ ಪ್ರಕಾರದ ತಿರುಳು ಎಂದು ನನ್ನ ಎಣಿಕೆ. ಅದರ ಮುಂದೆ ಗೋಪುರದಿಂದ ಹಾರುವುದು ಕೂಡ ಎರಡನೆಯದು.

ನಮ್ಮ ಕಥೆಗೆ ಸಾವು ಬೇಕಿಲ್ಲ, ನೇಮ ಬೇಕು. ಎದುರಾಳಿಗೆ ಹೀಗೊಂದು ನೇಮ ಇಡೋಣ: ಕೆಲಸಕ್ಕೆ ಇಳಿದ ಮೇಲೆ ಮೊಬೈಲ್ ಆಫ್ ಆಗಿರಬೇಕು. ಟವರ್ ಲೊಕೇಶನ್‌ನಿಂದ ಸಿಕ್ಕಿಬಿದ್ದ ಹಳೆಯ ಶಿಷ್ಯನ ಕಥೆಯನ್ನು ಅವನು ತನ್ನ ಹುಡುಗರಿಗೆ ಪಾಠದಂತೆ ಹೇಳುವುದನ್ನು ಮೊದಲರ್ಧದಲ್ಲೇ ತೋರಿಸಿರಬೇಕು. ಮೊಬೈಲ್ ಇರುವ ಈ ಕಾಲದಲ್ಲಿ ಗೋಡೆ ಗಡಿಯಾರವನ್ನು ನೋಡುವವರು ಯಾರು ಎಂದು ಜಾಣ ಓದುಗ ಕೇಳುವ ಪ್ರಶ್ನೆಗೆ ಈ ನೇಮವೇ ಉತ್ತರ.

ಕಾನೂನನ್ನು ಸರಿಯಾಗಿ ತರುವುದು

ಕನ್ನಡದ ಚಿತ್ರಕಥೆಗಳು ಹೆಚ್ಚು ಎಡವುವುದು ಇಲ್ಲಿ. ಬೆಂಗಳೂರಿನ ಇನ್ಸ್‌ಪೆಕ್ಟರ್ ದುಬೈಗೆ ಹಾರಿ, ಅಲ್ಲಿನ ರಸ್ತೆಯಲ್ಲಿ ಓಡಿ, ಕೈಕೋಳ ತೊಡಿಸುವ ದೃಶ್ಯ ವಾಸ್ತವದಲ್ಲಿ ಸಾಧ್ಯವಿಲ್ಲ. ಪರದೇಶದ ನೆಲದಲ್ಲಿ ನಮ್ಮ ಪೊಲೀಸರಿಗೆ ಬಂಧಿಸುವ ಅಧಿಕಾರವಿಲ್ಲ. ನಾವು ರೆಡ್ ಕಾರ್ನರ್ ನೋಟಿಸ್ ಎಂದು ಕರೆಯುವ ಇಂಟರ್‌ಪೋಲ್ ನೋಟಿಸ್ ಕೂಡ ಬಂಧನದ ವಾರಂಟ್ ಅಲ್ಲ, ಆ ವ್ಯಕ್ತಿಯನ್ನು ಹುಡುಕಿ ತಾತ್ಕಾಲಿಕವಾಗಿ ಹಿಡಿದಿಡಿ ಎಂದು ಸದಸ್ಯ ರಾಷ್ಟ್ರಗಳಿಗೆ ಮಾಡುವ ಕೋರಿಕೆ. ಹಿಡಿಯಬೇಕಾದವರು ಆ ದೇಶದ ಪೊಲೀಸರು, ನಂತರ ಅಲ್ಲಿನ ನ್ಯಾಯಾಲಯ, ಆಮೇಲೆ ಹಸ್ತಾಂತರ ಅಥವಾ ಗಡೀಪಾರು. ಇದಕ್ಕೆ ಹಿಡಿಯುವ ಕಾಲವನ್ನು ಊಹಿಸಲು ಒಂದು ಉದಾಹರಣೆ ಸಾಕು: ಭೂಗತ ಪಾತಕಿ ರವಿ ಪೂಜಾರಿ ಸೆನೆಗಲ್‌ನಲ್ಲಿ ಬಂಧನಕ್ಕೊಳಗಾದದ್ದು 2019ರ ಜನವರಿಯಲ್ಲಿ, ನಡುವೆ ಜಾಮೀನು ಪಡೆದು ದಕ್ಷಿಣ ಆಫ್ರಿಕಾಕ್ಕೆ ಪರಾರಿಯಾಗಿ, ಮತ್ತೆ ಸಿಕ್ಕು, ಬೆಂಗಳೂರಿಗೆ ಬಂದಿಳಿದದ್ದು 2020ರ ಫೆಬ್ರವರಿಯಲ್ಲಿ. ಹದಿಮೂರು ತಿಂಗಳನ್ನು ನೀವು ಎರಡು ಶಾಟ್‌ಗಳ ನಡುವೆ ನುಂಗಿಬಿಡುವಂತಿಲ್ಲ.

ಆದರೆ ಈ ಅಡ್ಡಿಯೇ ಹಾಸ್ಯಕ್ಕೆ ಬಂಡವಾಳ. ನಮ್ಮ ಪೊಲೀಸರು ಇಲ್ಲಿ ಏನೂ ಮಾಡಲಾರರು ಎಂದು ಚಿಕ್ಕಪ್ಪ ಊಟದ ಮೇಜಿನಲ್ಲಿ ಅಣ್ಣನಿಗೆ ಧೈರ್ಯ ಹೇಳುವ ದೃಶ್ಯವನ್ನು ಇಂಟರ್ವಲ್‌ಗೆ ಮೊದಲೇ ಇಡಿ. ಕೊನೆಯಲ್ಲಿ ಆ ತಿಳಿವಳಿಕೆ ಇಲ್ಲದವನು ಎದುರಾಳಿ, ಇರುವವನು ಪ್ರೇಕ್ಷಕ.

ಆಶ್ರಯ ಕೊಟ್ಟವರ ಸ್ಥಿತಿಯನ್ನೂ ಅಲಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ನಿನ ಪ್ರಕಾರ, ಅಪರಾಧಿಯೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ, ಶಿಕ್ಷೆಯಿಂದ ಪಾರು ಮಾಡುವ ಉದ್ದೇಶದಿಂದ ಆಶ್ರಯ ಕೊಡುವುದು ಅಪರಾಧ; ಮೂಲ ಅಪರಾಧ ಮರಣದಂಡನೆಗೆ ಗುರಿಯಾಗುವಂಥದ್ದಾದರೆ ಐದು ವರ್ಷಗಳವರೆಗೆ ಸೆರೆವಾಸ ಇದೆ. ವಿನಾಯಿತಿ ಇರುವುದು ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ. ಅಮ್ಮನಿಗಿಲ್ಲ, ಅಣ್ಣತಮ್ಮಂದಿರಿಗಿಲ್ಲ, ಚಿಕ್ಕಪ್ಪನಿಗಂತೂ ಇಲ್ಲವೇ ಇಲ್ಲ. ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ಸಂಹಿತೆ ಅನ್ವಯಿಸುತ್ತದೆ. ಆದುದರಿಂದ ಮನೆಯಲ್ಲಿ ಯಾರಿಗೆ ಯಾವ ದಿನ ಸತ್ಯ ತಿಳಿಯುತ್ತದೆ ಎಂಬುದು ಕಥೆಗೂ ಕಾನೂನಿಗೂ ಒಟ್ಟಿಗೆ ಮುಖ್ಯವಾಗುತ್ತದೆ. ಚಿಕ್ಕಮ್ಮನಿಗೆ ಕೊನೆಯವರೆಗೂ ತಿಳಿಯದಿರಲಿ. ಚಿಕ್ಕಪ್ಪನಿಗೆ ಇಪ್ಪತ್ತನೆಯ ದಿನ ತಿಳಿಯಲಿ, ಆತ ಸೆಕ್ಷನ್ ಹುಡುಕಿ ಓದಲಿ, ಓದಿ ಕನ್ನಡಕ ತೆಗೆದು, ‘ನಾನು ನಿನ್ನ ಹೆಂಡತಿಯಾಗಿ ಹುಟ್ಟಿದ್ದರೆ ಬಚಾವಾಗುತ್ತಿದ್ದೆನಲ್ಲೋ’ ಎನ್ನಲಿ. ಇಂತಹ ಮಾತಿಗೆ ಪಂಚ್ ಡೈಲಾಗ್ ಬರೆಯುವ ಕಸರತ್ತು ಬೇಡ, ಕಾನೂನೇ ಬರೆದುಕೊಟ್ಟಿರುತ್ತದೆ.

ಗಡುವಿಗೂ ಬಾಂಬಿನ ಟೈಮರ್ ಬೇಕಿಲ್ಲ, ವೀಸಾ ಇದೆ. ಭೇಟಿ ವೀಸಾ ಸಾಮಾನ್ಯವಾಗಿ ಮೂವತ್ತು ಅಥವಾ ಅರವತ್ತು ದಿನದ್ದು, ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಊರಿನಲ್ಲಿ ಕೋಟಿಗಳ ಲೆಕ್ಕದಲ್ಲಿ ಹಫ್ತಾ ಮಾತಾಡುತ್ತಿದ್ದವನು ಹನ್ನೆರಡು ದಿನಕ್ಕೆ ಆರುನೂರು ದಿರ್ಹಂ ಎಂದು ಚಿಕ್ಕಪ್ಪ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಯಾವ ಟೈಮರ್‌ಗಿಂತಲೂ ಮೇಲು.

ಒಂದು ಎಚ್ಚರಿಕೆ. ನಿಜವಾದ ಭೂಗತ ಪಾತಕಿಗಳ ಬದುಕಿನಿಂದ ವಿವರ ತೆಗೆದುಕೊಳ್ಳಿ, ವ್ಯಕ್ತಿಯನ್ನು ತೆಗೆದುಕೊಳ್ಳಬೇಡಿ. ಅವರಿಂದ ನೊಂದ ಮನೆಗಳು ಇನ್ನೂ ಇವೆ, ಅವರ ದುಃಖದ ಮೇಲೆ ನಗು ಕಟ್ಟಲಾಗುವುದಿಲ್ಲ. ವಿವರಗಳಿಗೆ ಬರವಿಲ್ಲ. ಛೋಟಾ ರಾಜನ್ 2015ರಲ್ಲಿ ಬಾಲಿಯಲ್ಲಿ ಸಿಕ್ಕಾಗ ಅವನ ಕೈಯಲ್ಲಿದ್ದ ಪಾಸ್‌ಪೋರ್ಟ್ ಮೋಹನ್ ಕುಮಾರ್ ಎಂಬ ಹೆಸರಿನದು, ವಿಳಾಸ ಮಂಡ್ಯದ್ದು. ಆ ನಕಲಿ ಪಾಸ್‌ಪೋರ್ಟಿಗಾಗಿಯೇ 2017ರ ಏಪ್ರಿಲ್‌ನಲ್ಲಿ ಅವನಿಗೂ ಮೂವರು ನಿವೃತ್ತ ಪಾಸ್‌ಪೋರ್ಟ್ ಅಧಿಕಾರಿಗಳಿಗೂ ಏಳು ವರ್ಷಗಳ ಶಿಕ್ಷೆಯಾಯಿತು. ಮುಂಬಯಿಯವನು ಮಂಡ್ಯದವನೆಂದು ಹೇಳಿಕೊಂಡು ವಿದೇಶದಲ್ಲಿ ಓಡಾಡುವಾಗ ಎದುರಿಗೆ ನಿಜವಾದ ಮಂಡ್ಯದವನೊಬ್ಬ ಸಿಕ್ಕಿ, ‘ಯಾವ ಬೀದಿ ಸಾರ್?’ ಎಂದರೆ ಏನಾಗುತ್ತಿತ್ತು ಎಂದು ಯೋಚಿಸಿ. ನಿಮ್ಮ ಪಾತ್ರಕ್ಕೆ ಬೇಕಾದದ್ದು ಆ ಒಂದು ಪ್ರಶ್ನೆ ಮಾತ್ರ.

ಎಲ್ಲವನ್ನೂ ಒಂದೇ ಬಾಗಿಲಿಗೆ ತರುವುದು

ಈಗ ಕ್ಲೈಮ್ಯಾಕ್ಸ್. ಸ್ಥಳ ಚಿಕ್ಕಮ್ಮನ ಹಾಲ್, ಬೇರೆಲ್ಲೂ ಹೋಗಬೇಡಿ. ಬುರ್ಜ್ ಖಲೀಫಾದ ತುದಿಯಲ್ಲೇ ಆಗಲಿ ಎಂದು ನಿರ್ಮಾಪಕರು ಕೇಳಿದರೆ, ಅದನ್ನು ಒಂದು ಹಾಡಿಗೆ ಕೊಟ್ಟು ಸಮಾಧಾನ ಮಾಡಿ.

ಎದುರಾಳಿ ಮಧ್ಯಾಹ್ನವೇ ದೂರದ ನೆಂಟನೆಂದು ಹೇಳಿಕೊಂಡು ಬರುತ್ತಾನೆ. ಚಿಕ್ಕಮ್ಮ ಯಾರ ಕಡೆಯವರು ಎಂದು ಕೇಳಿ, ಅವನು ತಡವರಿಸಿದ ಉತ್ತರಕ್ಕೆ ತಾನೇ ಸಂಬಂಧ ಜೋಡಿಸಿ, ಕೂರಿಸಿ ಕಾಫಿ ಕೊಡುತ್ತಾಳೆ. ನಮ್ಮವರು ಅಪರಿಚಿತನನ್ನು ನೆಂಟನಾಗಿಸುವ ಬಗೆಯೇ ಅದು. ಅಣ್ಣ ಎಷ್ಟು ಹೊತ್ತಿಗೆ ಸಿಗುತ್ತಾನೆ ಎಂದು ಕೇಳಿದರೆ ಒಂಬತ್ತಕ್ಕೆ ಎನ್ನುತ್ತಾಳೆ, ಆಗ ಒಬ್ಬನೇ ಇರುತ್ತಾನೆ ಎಂದೂ ಸೇರಿಸುತ್ತಾಳೆ. ಅವನು ಮೊಬೈಲ್ ಆಫ್ ಮಾಡಿ, ಗೋಡೆ ನೋಡುತ್ತ ಕೂರುತ್ತಾನೆ. ಗೋಡೆಯಲ್ಲಿ ಒಂಬತ್ತಾದಾಗ ದುಬೈಯಲ್ಲಿ ಏಳೂವರೆ, ಅಂದರೆ ವೇಷ ತೊಟ್ಟು ಮಾಡುವ ಕೊನೆಯ ತಾಲೀಮಿಗೆ ನಾಟಕದ ಬಳಗ ಬರುವ ಹೊತ್ತು. ಬಾಗಿಲ ಗಂಟೆ ಬಾರಿಸುತ್ತದೆ. ಅವನು ಚಾಕು ಹಿಡಿದು ಬಾಗಿಲು ತೆರೆದರೆ, ಹೊರಗೆ ಖಾಕಿ ತೊಟ್ಟ ಮೂವರು, ಇಬ್ಬರ ತಲೆಯ ಮೇಲೆ ಕರ್ನಾಟಕದ ಪೇದೆಗಳ ಹಳೆಯ ಸ್ಲೋಚ್ ಹ್ಯಾಟ್.

ಇಲ್ಲಿ ಅವಸರ ಬೇಡ. ಇಪ್ಪತ್ತು ವರ್ಷ ಆ ಟೋಪಿಯನ್ನು ಕಂಡರೆ ಕೈಕಟ್ಟಿ ನಿಂತವನ ದೇಹ ಬುದ್ಧಿಗಿಂತ ಮೊದಲು ಕೆಲಸ ಮಾಡಬೇಕು. ಮೊದಲು ಚಾಕು ಬೆನ್ನ ಹಿಂದಕ್ಕೆ ಹೋಗಲಿ, ಆಮೇಲೆ ಮಂಡಿ ಮಡಿಯಲಿ, ಆಮೇಲೆ ಬಾಯಿ ತೆರೆಯಲಿ. ವೇಷದ ಪೇದೆಗಳು ಇದು ಹೊಸದಾಗಿ ಸೇರಿಸಿದ ದೃಶ್ಯವೆಂದುಕೊಂಡು ಗದರಿಸುತ್ತ ಹೋದಂತೆ, ಅವನು ಅಣ್ಣನ ತಲೆಗೆ ಕಟ್ಟಿದ್ದ ಕೊಲೆಯನ್ನು ತಾನೇ ಮಾಡಿದ್ದೆಂದು ಒಪ್ಪಿಕೊಳ್ಳುತ್ತಾನೆ. ಮನೆಯ ಹುಡುಗಿ ತಾಲೀಮಿನ ವಿಡಿಯೋ ಎಂದು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿರುತ್ತಾಳೆ. ಚಿಕ್ಕಮ್ಮ ಒಳಗಿನಿಂದ ಬಂದು, ನಟನೆ ಚೆನ್ನಾಗಿದೆ, ಆದರೆ ಕಾರ್ಪೆಟ್ ಮೇಲೆ ಚಪ್ಪಲಿ ಬೇಡ ಎನ್ನುತ್ತಾಳೆ, ಅವನು ಅತ್ತುಕೊಂಡೇ ಚಪ್ಪಲಿ ಬಿಚ್ಚುತ್ತಾನೆ.

ಕಾನೂನು ಇಲ್ಲಿ ಇನ್ನೊಂದು ಉಡುಗೊರೆ ಕೊಡುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನಂತೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲು ಬಳಸುವಂತಿಲ್ಲ. ನಿಜವಾದ ಇನ್ಸ್‌ಪೆಕ್ಟರ್ ಬಂದಿದ್ದರೆ ಆ ಅಳು ವ್ಯರ್ಥವಾಗುತ್ತಿತ್ತು. ಬಂದವರು ಒಬ್ಬ ಅಕೌಂಟೆಂಟ್, ಒಬ್ಬ ದಂತವೈದ್ಯ, ಇನ್ಸ್‌ಪೆಕ್ಟರ್ ವೇಷದ ಒಬ್ಬ ರೌಡಿ ಆದುದರಿಂದ ಈ ನಿಷೇಧ ಅಡ್ಡ ಬರುವುದಿಲ್ಲ. ಪೊಲೀಸೇತರರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯವೆಂದು ಎಚ್ಚರಿಕೆಯಿಂದ ತೂಗುತ್ತವೆ, ಗದರಿಸಿ ಹೇಳಿಸಿದ್ದೆಂಬ ವಾದವೂ ಏಳುತ್ತದೆ. ಆ ತಕರಾರನ್ನು ಚಿಕ್ಕಪ್ಪನ ಬಾಯಿಂದ ಒಂದೇ ವಾಕ್ಯದಲ್ಲಿ ಹೇಳಿಸಿ ಮುಂದೆ ಸಾಗಿ. ನ್ಯಾಯಾಲಯದ ದೃಶ್ಯಕ್ಕೆ ಕೈ ಹಾಕಿದರೆ ಚಿತ್ರ ಇನ್ನರ್ಧ ಗಂಟೆ ಬೆಳೆಯುತ್ತದೆ. ಎದುರಾಳಿಯನ್ನು ಕರೆದೊಯ್ಯುವವರು ಚಿಕ್ಕಪ್ಪ ಫೋನ್ ಮಾಡಿ ಕರೆಸಿದ ದುಬೈ ಪೊಲೀಸರು, ಬೇರೆಯವರ ಮನೆಯಲ್ಲಿ ಚಾಕು ಹಿಡಿದದ್ದಕ್ಕಾಗಿ.

ಅಣ್ಣನನ್ನು ಏನು ಮಾಡುವುದು

ಕೊಲೆಯ ಆರೋಪದಿಂದ ಅವನು ಪಾರಾದರೂ ಹಫ್ತಾ ವಸೂಲಿ ಅವನದೇ. ಪೂರ್ತಿ ಬಿಟ್ಟುಬಿಟ್ಟರೆ ಪ್ರೇಕ್ಷಕನಿಗೆ ಮೋಸವೆನಿಸುತ್ತದೆ, ಕಠಿಣವಾಗಿ ಶಿಕ್ಷಿಸಿದರೆ ಹಾಸ್ಯಕ್ಕೆ ಮೋಸವಾಗುತ್ತದೆ. ಈ ಇಕ್ಕಟ್ಟಿಗೆ ಹಳೆಯ ಪರಿಹಾರವೊಂದು ಬ್ರಿಟನ್ನಿನ ಈಲಿಂಗ್ ಸ್ಟುಡಿಯೋದ 1951ರ ‘ದಿ ಲ್ಯಾವೆಂಡರ್ ಹಿಲ್ ಮಾಬ್’ ಚಿತ್ರದಲ್ಲಿದೆ. ಚಿನ್ನ ಕದ್ದು ರಿಯೋ ಡಿ ಜನೈರೊಗೆ ಓಡಿಹೋದ ಬ್ಯಾಂಕಿನ ಗುಮಾಸ್ತ, ಆ ಪಾತ್ರದಲ್ಲಿ ಅಲೆಕ್ ಗಿನ್ನೆಸ್, ಹೋಟೆಲಿನಲ್ಲಿ ಕುಳಿತು ಇಡೀ ಕಥೆಯನ್ನು ಒಬ್ಬ ಸಂಗಾತಿಗೆ ನಿರಾಳವಾಗಿ ಹೇಳುತ್ತಾನೆ; ಮುಗಿಸಿ ಎದ್ದಾಗ ಮಾತ್ರ ಇಬ್ಬರ ಕೈಗೂ ಸೇರಿ ಒಂದೇ ಕೋಳ ಬಿದ್ದಿರುವುದು ನಮಗೆ ಕಾಣುತ್ತದೆ. ಓಟವಿಲ್ಲ, ಕೂಗಾಟವಿಲ್ಲ. ಅಪರಾಧಿ ಸೋತಿದ್ದಾನೆ, ಆದರೆ ಅವನ ಮರ್ಯಾದೆ ಉಳಿದಿದೆ, ನಮ್ಮ ನಗುವೂ ಉಳಿದಿದೆ. ಇದರಿಂದ ಕಲಿಯಬೇಕಾದದ್ದು ಕೋಳವನ್ನು ಅಡಗಿಸುವ ತಂತ್ರವನ್ನಲ್ಲ, ಬಂಧನವನ್ನು ಮಾತಿಲ್ಲದೆ ಒಂದೇ ಚಿತ್ರದಲ್ಲಿ ತೋರಿಸಿ ಮುಗಿಸುವ ಸಂಯಮವನ್ನು.

ನಮ್ಮ ಅಣ್ಣ ತಾನಾಗಿಯೇ ಹಿಂದಿರುಗಲಿ. ಆರುನೂರು ದಿರ್ಹಂ ದಂಡವನ್ನು ಚಿಕ್ಕಪ್ಪ ಕಟ್ಟಿದ್ದಾರೆ, ಸಾಲದ ಪುಸ್ತಕದಲ್ಲಿ ಬರೆದೂ ಇಟ್ಟಿದ್ದಾರೆ. ನಾಟಕದಲ್ಲಿ ಅವನ ಇನ್ಸ್‌ಪೆಕ್ಟರ್ ಪಾತ್ರಕ್ಕೆ ಕೂಟ ಶಾಲು ಹೊದಿಸಿ ಸನ್ಮಾನಿಸಿದೆ. ಮಂಗಳೂರು ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಇಬ್ಬರು ಪೊಲೀಸರು ಕಾಯುತ್ತಿದ್ದಾರೆ, ಈ ಸಲ ನಿಜವಾದವರು. ಅವನು ಎರಡೂ ಕೈ ಚಾಚುತ್ತಾನೆ, ಆದರೆ ಕೈಯಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ರಟ್ಟಿನ ಪೆಟ್ಟಿಗೆ ಇದೆ: ಖರ್ಜೂರ, ಟ್ಯಾಂಗ್, ಕೊಡಲಿ ಗುರುತಿನ ನೋವಿನೆಣ್ಣೆ, ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಅತ್ತಿಗೆಯ ಹೆಸರು. ಕೆಳಗಿಡು ಎಂದರೆ ಇಡುವುದಿಲ್ಲ, ಒಳಗೆ ಬಾಟಲಿ ಇದೆ ಎನ್ನುತ್ತಾನೆ. ಕೊನೆಗೆ ಪೇದೆ ಪೆಟ್ಟಿಗೆಯನ್ನು ತಾನೇ ಎತ್ತಿಕೊಳ್ಳುತ್ತಾನೆ, ಕೋಳ ಬೀಳುತ್ತದೆ, ಮೂವರೂ ಜೀಪಿನತ್ತ ನಡೆಯುವಾಗ ಅಣ್ಣ ವಿಳಾಸ ಹೇಳುತ್ತಿದ್ದಾನೆ, ಯಾವ ತಿರುವು, ಯಾವ ಅಂಗಡಿಯ ಪಕ್ಕ ಎಂದು.

ಇಲ್ಲಿ ಕತ್ತರಿಸಿ. ಜೀಪು ಆ ಮನೆಗೆ ಹೋಯಿತೇ ಎಂಬುದನ್ನು ತೋರಿಸುವ ಆಸೆ ಬರುತ್ತದೆ, ಸಂಕಲನದ ಮೇಜಿನಲ್ಲಿ ಕುಳಿತವರೂ ಅದನ್ನೇ ಕೇಳುತ್ತಾರೆ. ಆ ದೃಶ್ಯವನ್ನು ಬೇಕಿದ್ದರೆ ಬರೆದು ನೋಡಿ, ಆಮೇಲೆ ತೆಗೆದುಹಾಕಿ.